ಅಣ್ಣನ ಉಗುರಿನ ಸಿಂಧೂರ

ನಮ್ಮ ಮನೆಯ ಗಂಡಸರ ಉಗುರು ಹುಟ್ಟಿನಿಂದಲೇ ಕೇಸರಿ ಎಂದು ಚಿಕ್ಕಂದಿನಲ್ಲಿ ನಂಬಿದ್ದೆ. ಮಮದಾಪುರದಲ್ಲಿ ನಮ್ಮ ಓಣಿಯ ಹಣಮಪ್ಪನ ಪೂಜೆ ನಮ್ಮ ಮನೆತನದ್ದು. ಅಪ್ಪನ ನಂತರ ಅದು ಅಣ್ಣನಿಗೆ ಬಂತು. ಶನಿವಾರ ಬೆಳಿಗ್ಗೆ ಸಿಂಧೂರದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಕಲ್ಲಿನ ಹಣಮಪ್ಪನ ಮೈಗೆಲ್ಲ ಬರಿಗೈಯಿಂದ ಬಳಿಯುತ್ತಾನೆ. ದೇವರು ಬಲಗೈ ಮೇಲೆತ್ತಿ ನಿಂತಿದ್ದಾನೆ, ಆ ಅಂಗೈಗೆ ಬಳಿಯುವುದು ಕೊನೆಗೆ. ಪದರದ ಮೇಲೆ ಪದರ ಕೂತು ದೇವರ ಕಣ್ಣುಮೂಗು ಮುಚ್ಚಿಹೋದಾಗ, ಕಿಟಕಿಯಿಲ್ಲದ ಗರ್ಭಗುಡಿಯಲ್ಲಿ ಕೂತು ಹಳೆಯದನ್ನೆಲ್ಲ ಕೆರೆದು ತೆಗೆಯುತ್ತಿದ್ದ. ಹೊರಗೆ ಬಂದರೆ ಹುಬ್ಬೂ ಕೇಸರಿ. ಅದೇ ಧೋತರದಲ್ಲಿ ಮನೆಗೆ ಬಂದು, ಕೈಗೆ ಒಂದಿಷ್ಟು ನೀರು ತೋರಿಸಿ, ರೊಟ್ಟಿ ಮುರಿಯಲು ಕೂಡುತ್ತಿದ್ದ.

ನಾನು ತಿಕೋಟಾದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ, ಮನೆ ವಿಜಯಪುರದಲ್ಲಿ. ಅಣ್ಣನಿಗೆ ಹೊಟ್ಟೆ ತಿರುಚುವ ನೋವು ಶುರುವಾಗಿ, ಅಜವಾನ, ಇಂಗು ಎಂದು ಮನೆಮದ್ದೆಲ್ಲ ಮುಗಿದ ಮೇಲೆ ಅವನ ಹೆಂಡತಿ, ನಮ್ಮ ವೈನಿ, ಅವನನ್ನು ಬಸ್ಸು ಹತ್ತಿಸಿ ನನ್ನಲ್ಲಿಗೆ ಕಳಿಸಿದಳು. ಡಾಕ್ಟರು ಅವನ ತುಟಿ ಸರಿಸಿ ಒಸಡಿನಂಚಿನ ಕಪ್ಪುನೀಲಿ ಗೆರೆಯನ್ನು ನೋಡಿದರು.

"ಬ್ಯಾಟರಿ ಕೆಲ್ಸ ಮಾಡ್ತೀರೇನ್ರಿ? ಇಲ್ಲಾ ಪೇಂಟಿಂಗ್?"

"ಏ ಇಲ್ರಿ ಸಾಹೇಬ್ರ. ಹೊಲ ಐತಿ, ಹಣಮಪ್ಪನ ಪೂಜಿ ಮಾಡ್ತೇನ್ರಿ."

ಡಾಕ್ಟರು ಅವನ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿದರು. ರಕ್ತದ ಪರೀಕ್ಷೆಯಲ್ಲಿ ಸೀಸ ಸಿಕ್ಕಿತು. ಎಲ್ಲ ಸಿಂಧೂರವೂ ಹಾಗಲ್ಲವಂತೆ. ಆದರೆ ಅಣ್ಣ ತರುತ್ತಿದ್ದ, ಕೈಗೆ ಭಾರ ಬೀಳುವ ಆ ಪುಡಿ ಸೀಸದ ಆಕ್ಸೈಡ್. ಕಬ್ಬಿಣದ ಗ್ರಿಲ್ಲಿಗೆ ತುಕ್ಕು ಹಿಡಿಯದಿರಲೆಂದು ಮೊದಲು ಬಳಿಯುವ ಕೇಸರಿ ಬಣ್ಣವಿದೆಯಲ್ಲ, ಅದರಲ್ಲಿ ಇರುತ್ತಿದ್ದುದೂ ಅದೇ.

ಗಾಂಧಿ ಚೌಕದಲ್ಲಿ ಆ ಪುಡಿಯನ್ನು ಹುಡುಕಿದೆ. ಬಣ್ಣದ ಅಂಗಡಿಯ ಹಳೆಯ ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರ. ಪಕ್ಕದ ಪೂಜಾ ಸಾಮಾನಿನ ಅಂಗಡಿಯ ಪಾಕೀಟಿನ ಮೇಲೆ ಗುಡ್ಡ ಹೊತ್ತ ಹಣಮಪ್ಪ.

"ಅಕ್ಕಾರ, ಇದು ಪೂಜಾದ್ರಿ. ಇದರಿಂದ ಏನೂ ಆಗಂಗಿಲ್ಲ" ಎಂದ ಅಂಗಡಿಯವ. ಎಂಥ ಸಿಟ್ಟು ಬಂತೆಂದರೆ, ಪಾಕೀಟನ್ನು ಅವನ ಗಲ್ಲಾದ ಮೇಲೆ ಕುಕ್ಕಿ ಬಂದೆ.

ಅಣ್ಣನಿಗೆ ಶಾಲೆಯ ಮಕ್ಕಳಿಗೆ ಹೇಳಿದ ಹಾಗೆ ಹೇಳಿದೆ. ಒಣಗಿದ್ದನ್ನು ಕೆರೆಯಬೇಡ, ಎಣ್ಣೆ ಹಚ್ಚಿ ನೆನೆಸಿ ತೆಗಿ. ಕಸಬರಿಗೆ ಆಡಿಸಬೇಡ, ಒದ್ದೆ ಅರಿವೆಯಿಂದ ಒರೆಸು. ಮಾಸ್ಕು ಹಾಕು, ಕೈಗವಸು ಹಾಕು. ಸಾಬೂನು ಹಚ್ಚಿ ಕೈ ತೊಳೆಯದೆ ರೊಟ್ಟಿ ಮುಟ್ಟಬೇಡ. ಆ ಧೋತರ ಗುಡಿಯಲ್ಲೇ ಇರಲಿ, ವೈನಿ ಅದನ್ನು ಝಾಡಿಸುವುದು ಬೇಡ. ಅವನು ತಲೆಯಾಡಿಸಿದ. ಒಂದು ಶನಿವಾರ ಕೈಗವಸು ಹಾಕಿಯೂ ಹಾಕಿದ. ಬಾಗಿಲಲ್ಲಿ ನಿಂತಿದ್ದ ಮುದುಕರೊಬ್ಬರು ಕೇಳಿದರು, "ಯಾಕ್ರಿ ಪೂಜಾರಿ, ಹಣಮಪ್ಪನ್ನ ಮುಟ್ಟಾಕ ಹೇಸಿಗಿ ಬಂತೇನು?"

ಅಣ್ಣ ಕೈಗವಸು ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡನಂತೆ. ಮತ್ತೆ ಹಾಕಲಿಲ್ಲ. ನಾನು ಬಿಡಲಿಲ್ಲ, ಸೀಸವಿಲ್ಲದ ಕಬ್ಬಿಣದ ಕೆಂಪು ಪುಡಿ ತಂದುಕೊಟ್ಟೆ. ದೇವರು ಇಟ್ಟಂಗಿಯ ಬಣ್ಣಕ್ಕೆ ತಿರುಗಿದ. "ಅಡಗಿಮನಿ ನೆಲಕ್ಕ ಹಾಕೋದನ್ನ ತಂದು ದೇವ್ರಿಗೆ ಹಚ್ಯಾರ" ಎಂದು ಊರೆಲ್ಲ ಗುಲ್ಲಾಯಿತು. ಮುಂದಿನ ಶನಿವಾರ ಹಿರಿಯರೇ ಹಳೆಯ ಪುಡಿ ತಂದಿಟ್ಟರು.

ಗುಳಿಗೆ ನುಂಗಿದಾಗ ರಕ್ತದ ಸೀಸ ಇಳಿಯುತ್ತಿತ್ತು, ಊರಿಗೆ ಹೋದರೆ ಏರುತ್ತಿತ್ತು. ಕೊನೆಗೆ ಡಾಕ್ಟರಿಗೂ ಬೇಸರ ಬಂತು. "ಗುಳಿಗಿ ಕೊಡೂದಷ್ಟ ನನ್ನ ಕೈಯಾಗ ಐತ್ರಿ" ಎಂದುಬಿಟ್ಟರು.

ಹೊರಗೆ ಅಣ್ಣನನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿಕೊಂಡು ರೇಗಿದೆ. "ಪೂಜಿ ಬಿಟ್ಟುಬಿಡು ಅಣ್ಣಾ. ಇನ್ನ ಯಾರಿಗರೆ ಕೊಡು."

"ನಾ ಬಿಟ್ರ ಇನ್ನೊಬ್ಬಾಂವ ಹಚ್ತಾನಲ್ಲ ಬೇ ತಂಗಿ" ಎಂದ. "ಅವನೂ ಒಬ್ಬರ ಮಗಾನ ಅಲ್ಲೇನು?"

ಅವನಿಗೆ ಬಸ್ಸಿನಲ್ಲಿ ಸೀಟು ಹಿಡಿದುಕೊಟ್ಟು ಮನೆಗೆ ಬಂದು ಅತ್ತೆ.

ಈ ಶ್ರಾವಣದ ಶನಿವಾರ ಊರಿಗೆ ಹೋಗಿದ್ದೆ. ಅಣ್ಣನ ಬಲ ಮಣಿಕಟ್ಟು ಕೆಳಗೆ ಜೋತುಬಿದ್ದಿತ್ತು, ಸೀಸ ನರಕ್ಕೆ ಇಳಿದಿತ್ತು. ರೊಟ್ಟಿ ಮುರಿಯಲು ವೈನಿ ಬೇಕು, ಗುಂಡಿ ಹಾಕಲು ವೈನಿ ಬೇಕು. ಎಡಗೈಯಿಂದ ದೇವರನ್ನು ಮುಟ್ಟುವಂತಿಲ್ಲ. ಅದಕ್ಕೆ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದೆತ್ತಿ, ಹಣಮಪ್ಪನ ಆ ಎತ್ತಿದ ಅಂಗೈಗೆ ಒತ್ತಿ ಒತ್ತಿ ಸಿಂಧೂರ ಬಳಿಯುತ್ತಿದ್ದ. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು.

ನನ್ನ ಹಿಂದೆ ನಿಂತಿದ್ದ ಹೆಣ್ಣುಮಗಳು ಕೈ ಮುಗಿದು ಪಕ್ಕದವಳಿಗೆ ಹೇಳಿದಳು, "ನೋಡವಾ, ಎರಡೂ ಕೈಲೆ ಹಚ್ಚಾಕತ್ಯಾರ. ಭಕ್ತಿ ಅಂದ್ರ ಹಿಂಗಿರಬೇಕು."

ತಿರುಗಿ ಅವಳಿಗೆ ಏನಾದರೂ ಅನ್ನಬೇಕಿತ್ತು. ಅಷ್ಟರಲ್ಲಿ ಸಾಲು ಮುಂದೆ ಸರಿದು ನನ್ನ ಸರದಿ ಬಂತು. ಅಣ್ಣ ನನ್ನ ಮುಖ ನೋಡಿ ನಕ್ಕ, ಒಸಡಿನ ಗೆರೆ ಕಂಡಿತು. ಬೊಟ್ಟಿಡಲು ಕೈ ಎತ್ತಿದ. ಅದು ನನ್ನ ಎದೆಯ ಮಟ್ಟಕ್ಕೆ ಬಂದು ನಿಂತಿತು.

ನಾನು ಅವನ ಹೆಬ್ಬೆರಳು ಹಣೆಗೆ ತಾಗುವವರೆಗೂ ಬಗ್ಗಿದೆ.