ಕುಳ್ಳಮ್ಮನ ಸಾಲು

ಆಷಾಢದ ಗಾಳಿಗೆ ತುಂತುರು ಅಡ್ಡಡ್ಡ ಹಾರುತ್ತಿದೆ. ಸಿಂಧಘಟ್ಟದ ಆಚೆಯ ಹೊಲಗಳಿಗೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ. ಮಣ್ಣು, ಆಕಾಶ ಎರಡೂ ಒಂದೇ ಬಣ್ಣ. ಆ ಮಸುಕಿನೊಳಗಿಂದ ಮೊದಲು ಗೊರಸಿನ ಸಪ್ಪಳ ಕೇಳಿಸುತ್ತದೆ. ಆಮೇಲೆ ಎತ್ತಿನ ಕೊಂಬುಗಳು ಕಾಣಿಸುತ್ತವೆ. ಅವುಗಳ ಹಿಂದೆ, ಸೀರೆಯನ್ನು ಎತ್ತಿ ಕಟ್ಟಿ, ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿ, ನೇಗಿಲು ಹಿಡಿದು ಬರುತ್ತಿರುವ ಗಿಡ್ಡನೆಯ ಹೆಂಗಸು. ದಾರಿಹೋಕರು ಈಗಲೂ ನಿಂತು ನೋಡುತ್ತಾರೆ. ಊರಿನವರು ಹಾಗೆ ನೋಡುವುದನ್ನು ಬಿಟ್ಟು ಬಹಳ ದಿನವಾಯಿತು.

ಕುಳ್ಳಮ್ಮನಿಗೆ ಐವತ್ತರ ಆಸುಪಾಸು. ಗಂಡ ಕರಿಯಯ್ಯ, ಒಂದು ಜೊತೆ ಎತ್ತು, ಒಂದು ಹಸು, ನಾಲ್ಕೈದು ಮೇಕೆ, ಎಣಿಕೆಗೆ ಸಿಗದ ಕೋಳಿಗಳು. ಮಳೆ ನಂಬಿದ ಎರಡು ಎಕರೆ ಹೊಲ, ಮನೆಯ ಹಿಂದೆ ಒಂದು ಹಿತ್ತಲು. ಮಗಳು ನಾಗಮಂಗಲದ ಕಡೆಗೆ ಮದುವೆಯಾಗಿ ಹೋಗಿದ್ದಾಳೆ. ಉಳಿದ ಸಂಸಾರವೆಲ್ಲ ಕೊಟ್ಟಿಗೆಯಲ್ಲೂ ಹಿತ್ತಲಲ್ಲೂ ಇದೆ.

ಕೆಲಸ ಹಂಚಿಕೆಯಾಗಿದೆ. ಹೊಲ ಕುಳ್ಳಮ್ಮನದು, ಹಿತ್ತಲು ಕರಿಯಯ್ಯನವರದು. ಅವರು ಒಂದು ಮಣೆಯ ಮೇಲೆ ಕುಳಿತು, ಅದನ್ನೇ ಮುಂದೆ ಮುಂದೆ ಸರಿಸಿಕೊಳ್ಳುತ್ತ ಬದನೆ, ದಂಟು, ಕನಕಾಂಬರದ ಮಡಿಗಳ ನಡುವೆ ಸಾಗುತ್ತಾರೆ. ಸುತ್ತ ಕೋಳಿಗಳು. ಹೀರೆ ಬಳ್ಳಿಗೆ ಚಪ್ಪರ ಹಾಕಿದ್ದಾರೆ, ಕೂತವರ ಕೈಗೆ ಎಟುಕುವಷ್ಟೇ ಎತ್ತರಕ್ಕೆ. ಒಳಗೆ ಬಗ್ಗಿದರೆ ಬೆಳಕೆಲ್ಲ ಹಸಿರು.

“ನಿಂತ್ಕಂಡಿದ್ದಾಗ ಇದ್ಯಾವ್ದೂ ನಂಗೆ ಕಂಡಿರ್ಲಿಲ್ಲ,” ಎನ್ನುತ್ತಾರೆ ಕರಿಯಯ್ಯ.

ಅವರು ನಡೆಯಲಾಗದೆ ಕೂತದ್ದು 1992ರ ಬೇಸಿಗೆಯಲ್ಲಿ. ಹುಣಸೆ ಬಡಿಯಲು ಮರ ಹತ್ತಿದ್ದವರು ಕೊಂಬೆ ಮುರಿದು ಬಿದ್ದರು. ಸೊಂಟದ ಮೂಳೆ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ಅಷ್ಟರಲ್ಲಿ ಮಳೆ ಬಂತು. ಊರಿನ ಎತ್ತುಗಳೆಲ್ಲ ಹೊಲಕ್ಕಿಳಿದವು. ಮೈದುನ ಚಿಕ್ಕಯ್ಯನನ್ನು ಕೇಳಿದರೆ, “ನಾಕು ದಿನ ತಡ್ಕೊ ಅತ್ಗೆ, ನಂದು ಮುಗ್ಸಿ ಬತ್ತೀನಿ,” ಎಂದ. ಅವನದೂ ತಪ್ಪಲ್ಲ. ಆದರೆ ಹದ ನಾಲ್ಕು ದಿನ ಕಾಯುವುದಿಲ್ಲ. ಗಾಳಿ ಆಗಲೇ ಮಣ್ಣನ್ನು ಒಣಗಿಸುತ್ತಿತ್ತು.

ಮಾರನೆಯ ಬೆಳಿಗ್ಗೆ ಕುಳ್ಳಮ್ಮ ತಾವೇ ಎತ್ತು ಹೂಡಿದರು. ಆ ಕಡೆಯಲ್ಲಿ ಹೆಂಗಸರು ಬಿತ್ತುತ್ತಾರೆ, ಕಳೆ ತೆಗೆಯುತ್ತಾರೆ, ಕೊಯ್ಯುತ್ತಾರೆ. ನೇಗಿಲು ಮಾತ್ರ ಮುಟ್ಟುವುದಿಲ್ಲ. ಎತ್ತುಗಳಿಗೂ ಅದು ಗೊತ್ತಿದ್ದಂತಿತ್ತು. ಎಷ್ಟು ಕೂಗಿದರೂ ಕದಲಲಿಲ್ಲ.

“ಬಾರುಕೋಲು ಎತ್ತಕ್ಕೆ ಮನ್ಸು ಬರ್ಲಿಲ್ಲ. ನಾನೇ ಹುಲ್ಲಾಕಿ ಸಾಕ್ದವು. ನೊಗದ ಮೇಲೆ ಕೈ ಮಡಿಕ್ಕಂಡು ಅತ್ಬುಟ್ಟೆ,” ಎನ್ನುತ್ತಾರೆ ಅವರು.

ಸುದ್ದಿ ಕೇಳಿದ ಕರಿಯಯ್ಯ, ತಮ್ಮ ಚಿಕ್ಕಯ್ಯನಿಗೆ ಹೇಳಿ, ಚಾಪೆಸಮೇತ ಹೊಲಕ್ಕೆ ಹೊರಿಸಿಕೊಂಡು ಬಂದರು. ಬದುವಿನ ಹೊಂಗೆಯ ಕೆಳಗೆ ಮಲಗಿ, ಆಕಾಶ ನೋಡುತ್ತಲೇ ಎತ್ತುಗಳನ್ನು ಕೂಗಿದರು. ಎತ್ತುಗಳು ಕಿವಿ ನಿಮಿರಿಸಿ ಹೊರಟವು. ಅಂದು ನೇಗಿಲು ಹೆಂಡತಿಯ ಕೈಯಲ್ಲಿ, ದನಿ ಗಂಡನದು. ಎರಡನೆಯ ದಿನ ಇಬ್ಬರೂ ಕೂಗಿದರು. ಆಮೇಲೊಂದು ದಿನ ಕರಿಯಯ್ಯ ಹೊಂಗೆಯ ನೆರಳಲ್ಲಿ ನಿದ್ದೆಹೋದರು. ಎಚ್ಚರವಾಗಿ ನೋಡಿದರೆ ಉಳುಮೆ ನಿಂತಿರಲಿಲ್ಲ.

ಬಿತ್ತನೆಯೂ ಆಯಿತು. ಕಷ್ಟ ಶುರುವಾದದ್ದು ಅಲ್ಲಿಂದ. ರಾಗಿ ಮೊಳೆತು ಎರಡೆಲೆ ಬಿಟ್ಟ ಹೊತ್ತಿಗೆ ಮಳೆ ನಿಂತಿತು. ಮೋಡ ಬರುತ್ತಿತ್ತು, ಹೋಗುತ್ತಿತ್ತು. ಹೆಂಗಸು ನೇಗಿಲು ಮುಟ್ಟಿದ್ದಕ್ಕೇ ಹೀಗಾಯಿತೆಂದು ಯಾರೋ ಅಂದರು. ಆಮೇಲೆ ಎಲ್ಲರೂ ಅಂದರು. ನೀರಿಗೆ ಹೋದರೆ ಬಾವಿಕಟ್ಟೆಯಲ್ಲಿ ಮಾತು ನಿಲ್ಲುತ್ತಿತ್ತು. ಕುಳ್ಳಮ್ಮ ಸಂಜೆ ಹೊಲದ ನಡುವೆ ಕೂತು ಒಂದೊಂದು ಪೈರನ್ನೂ ಬೆರಳಲ್ಲಿ ಮುಟ್ಟಿ ನೋಡುತ್ತಿದ್ದರು. ಒಂದುವೇಳೆ ಊರಿನವರ ಮಾತೇ ನಿಜವಾಗಿದ್ದರೆ ಎಂದು ಅನ್ನಿಸಿದ್ದೂ ಉಂಟು.

ಊರಿನ ಹಿರಿಯ ನರಸಯ್ಯ ಒಂದು ದಿನ ಮನೆಗೇ ಬಂದರು. ಹಾಸಿಗೆಯಲ್ಲಿದ್ದ ಕರಿಯಯ್ಯನ ಬಳಿ ಕೂತು, “ಆಗ್ಬಾರದ್ದು ಆಗೋಯ್ತು. ದೇವ್ರಿಗೆ ತಪ್ಪುಕಾಣ್ಕೆ ಕಟ್ಸು,” ಎಂದರು.

ಕರಿಯಯ್ಯ ಹೇಳಿದರು: “ಮೂರು ವರ್ಸದ ಹಿಂದೆ ಮಳೆ ಹೋಗಿತ್ತಲ್ಲ ಮಾವ, ಆಗ ಉತ್ತಿದ್ದು ನಾನು. ಯಾರೂ ನನ್ನ ಕೇಳ್ಲಿಲ್ಲ.”

ಬಾಗಿಲ ಮರೆಯಲ್ಲಿ ನಿಂತು ಕುಳ್ಳಮ್ಮ ಅದನ್ನು ಕೇಳಿಸಿಕೊಂಡರು. ನರಸಯ್ಯ ಎದ್ದುಹೋದರು.

ಮಳೆ ಬಂದದ್ದು ಒಂದು ಮಧ್ಯಾಹ್ನ, ಸದ್ದಿಲ್ಲದೆ. ಸೆಗಣಿ ಬಾಚುತ್ತಿದ್ದ ಕುಳ್ಳಮ್ಮನಿಗೆ ಮೊದಲು ಮಣ್ಣಿನ ವಾಸನೆ ಬಂತು. ಕುಕ್ಕೆಯನ್ನು ಅಲ್ಲೇ ಬಿಟ್ಟು ಅಂಗಳಕ್ಕೆ ಬಂದು ನಿಂತರು. ಮೇಕೆಗಳು ಸೂರಿನ ಕೆಳಗೆ ಒತ್ತಿಕೊಂಡವು. ಹಸು ಮಾತ್ರ ಹೊರಗೇ ನಿಂತು ಕಣ್ಣು ಮುಚ್ಚಿತು. ಒಳಗಿನಿಂದ ಕರಿಯಯ್ಯ, “ಬತ್ತಾ ಐತೇನಮ್ಮಿ?” ಎಂದು ಕೇಳಿದರು. “ಬತ್ತೈತೆ,” ಎಂದರು ಇವರು.

ಕಾರ್ತೀಕದಲ್ಲಿ ತೆನೆ ಬಾಗಿತು. ಕೊಯ್ಲಿಗೆ ಮುಂಚೆ ನರಸಯ್ಯ ಬದುವಿನ ಮೇಲೆ ಬಂದು ನಿಂತು, ಆ ತುದಿಯಿಂದ ಈ ತುದಿಗೆ ಕಣ್ಣು ಹಾಯಿಸಿದರು. “ಸಾಲು ನೆಟ್ಟಗೆ ಬಂದೈತೆ ಕಣವ್ವ,” ಎಂದು ಹೇಳಿ ಹೊರಟುಹೋದರು. ಈಗ ಪಕ್ಕದ ಹೊಲದ ಸೋಮಮ್ಮ, ಗಂಡನಿಲ್ಲದವಳು, ಕುಳ್ಳಮ್ಮನ ಎತ್ತು ಕೇಳಿ ಪಡೆದು ತಾನೇ ಉಳುತ್ತಾಳೆ. ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ.

ವರ್ಷ ತನ್ನ ಪಾಡಿಗೆ ತಿರುಗುತ್ತದೆ. ಆಷಾಢದ ಉಳುಮೆ, ಶ್ರಾವಣದ ಕಳೆ, ಮಾಗಿಯ ಚಳಿಯಲ್ಲಿ ಅವರೆಯ ಸೊಗಡು, ಕಣದಲ್ಲಿ ರಾಗಿ ತೂರುವಾಗ ಬಿಸಿಲಿಗೆ ಹೊಳೆಯುವ ಹೊಟ್ಟು. ಕರು ಹುಟ್ಟುತ್ತದೆ, ಕೋಳಿ ಕಾವಿಗೆ ಕೂರುತ್ತದೆ. ಕುಳ್ಳಮ್ಮ ಎಲ್ಲದರ ನಡುವೆ ಕೊಟ್ಟಿಗೆಗೂ ಹೊಲಕ್ಕೂ ನಡೆಯುತ್ತಲೇ ಇರುತ್ತಾರೆ. ಮೊಣಕಾಲು ನೋಯುತ್ತದಂತೆ. ಹರಳೆಣ್ಣೆ ತಿಕ್ಕಿಕೊಂಡು ಮಲಗುತ್ತಾರೆ.

ಇನ್ನೇನು ಆಸೆಯಿದೆ ಎಂದು ಕೇಳಿದರೆ ನಾಚಿಕೊಂಡು ಎತ್ತಿನ ಬೆನ್ನು ಸವರುತ್ತಾರೆ. ಆಮೇಲೆ ಹೊಲದ ಕಡೆ ಕೈ ತೋರಿಸುತ್ತಾರೆ.

“ರಾಗಿ ಮಧ್ಯೆ ಹುಚ್ಚೆಳ್ಳಿನ ಸಾಲು ಹಾಕ್ತೀವಲ್ಲ, ಅದು ಎಣ್ಣೆಗೆ. ಈ ಸಲ ಆ ಮೂಲೇಲಿ ಒಂದು ಪಟ್ಟೆ ಪೂರ್ತಿ ಅದನ್ನೇ ಚೆಲ್ಬೇಕು ಅಂತವ್ನಿ. ಕುಯ್ಯೋಕಲ್ಲ. ಹಳದಿ ಊವು ಬಿಟ್ಟಾಗ ಮಧ್ಯೆ ಹೋಗಿ, ಏನೂ ಕೆಲ್ಸ ಮಾಡ್ದೆ, ಸುಮ್ಕೆ ನಿಂತ್ಕೋಬೇಕು.”