ಕೊಳವೆ ಮುಚ್ಚಿದ ಮೇಲಿನ ಕೆಸರು

ಕೆರೊಲಿನಾ ಕರಾವಳಿಯ ಒಂದು ಪ್ರಯೋಗಾಲಯದಲ್ಲಿ ನನಗೆ ಕೆಲಸ ಸಿಕ್ಕಾಗ ಕೋವಿಡ್‌ನ ಮಾಸ್ಕುಗಳು ಇನ್ನೂ ಮುಖದ ಮೇಲಿದ್ದವು. ಮೈಸೂರಿನಲ್ಲಿ ಭೂವಿಜ್ಞಾನ ಓದಿದ್ದೆ. ಮದುವೆಯಾಗಿ ಅಟ್ಲಾಂಟಾ ಪಕ್ಕದ ಡುಲುತ್‌ಗೆ ಬಂದ ಮೇಲೆ, ವರ್ಕ್ ಪರ್ಮಿಟ್ ಬರುವ ತನಕ ಮನೆಯಲ್ಲೇ ಕೂತಿದ್ದೆ. ಹಾಗಾಗಿ ಕೆಸರು ಸೋಸುವ ಕೆಲಸವಾದರೂ ಸಂಭ್ರಮದಿಂದ ಹೋದೆ. ವಾರವೆಲ್ಲ ಅಲ್ಲಿ, ಶುಕ್ರವಾರ ಸಂಜೆ ಡ್ರೈವ್ ಮಾಡಿಕೊಂಡು ಗಂಡ, ಮಗಳ ಬಳಿಗೆ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ಪ್ರೊಫೆಸರ್ ಎಪ್ಪತ್ತರ ಹತ್ತಿರದ ಹೆಂಗಸು. ಆ ಊರಿನವರೇ. ಊರಿನ ಕೊಳಚೆ ನೀರು ಎಷ್ಟೋ ವರ್ಷಗಳಿಂದ ಒಂದು ಕೊಳವೆಯ ಮೂಲಕ ಉಪ್ಪುನೀರಿನ ತೊರೆಗೆ ಬಂದು ಬೀಳುತ್ತಿತ್ತು. ಸಮುದ್ರದ ಇಳಿತದ ಹೊತ್ತಿಗೆ ನಾವಿಬ್ಬರೂ ಮೊಣಕಾಲುದ್ದದ ಬೂಟು ಹಾಕಿ ಆ ತೊರೆಗಿಳಿದು, ಪ್ಲಾಸ್ಟಿಕ್ ನಳಿಗೆಗಳನ್ನು ಕೆಸರಿಗೆ ಒತ್ತಿ ಎಳೆಯುತ್ತಿದ್ದೆವು. ಮೇಲೆ ಆಮ್ಲಜನಕ ಇಳಿಯುವಷ್ಟು ತೆಳುವಾದ ಕಂದು ಪದರ, ಅದರ ಕೆಳಗೆಲ್ಲ ಕಾಡಿಗೆಯಂಥ ಕಪ್ಪು. ಕೊಳೆತ ಮೊಟ್ಟೆಯ ವಾಸನೆ ಸ್ನಾನ ಮಾಡಿದರೂ ಕೂದಲಿನಿಂದ ಹೋಗುತ್ತಿರಲಿಲ್ಲ.

ನಾವು ಹುಡುಕುತ್ತಿದ್ದದ್ದು ತೊರೆ ಎಷ್ಟು ಕೆಟ್ಟಿದೆ ಎಂದು ತಿಳಿಸುವ ಫೊರಾಮ್ ಎಂಬ ಜೀವಿಗಳನ್ನು. ಒಂದೇ ಕೋಶದ ದೇಹ, ಅದರ ಸುತ್ತ ಅದೇ ಕಟ್ಟಿಕೊಂಡ ಚಿಪ್ಪು. ಗಾತ್ರದಲ್ಲಿ ಗಸಗಸೆಗಿಂತ ಚಿಕ್ಕದು. ಕೆಸರಿಗೆ ಒಂದು ಗುಲಾಬಿ ಬಣ್ಣ ಬೆರೆಸಿದರೆ ಜೀವವಿದ್ದವು ಬಣ್ಣ ಹೀರುತ್ತವೆ, ಖಾಲಿ ಚಿಪ್ಪುಗಳು ಬೆಳ್ಳಗೇ ಉಳಿಯುತ್ತವೆ. ಪ್ರೊಫೆಸರ್ ತಾವು ವಿದ್ಯಾರ್ಥಿನಿಯಾಗಿದ್ದಾಗ ಇದೇ ತೊರೆಯಿಂದ ಆರಿಸಿಟ್ಟಿದ್ದ ಸ್ಲೈಡುಗಳನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಚಕ್ಕುಲಿಯಂತೆ ಸುತ್ತಿಕೊಂಡವು, ಮಲ್ಲಿಗೆ ಮೊಗ್ಗಿನಂಥವು, ಮಣಿ ಪೋಣಿಸಿದಂಥವು. ನಮ್ಮ ಹೊಸ ಕೆಸರಿನಲ್ಲಿ ಗುಲಾಬಿಯಾಗಿ ಕಾಣುತ್ತಿದ್ದದ್ದು ಒಂದೇ ಬಗೆ, ಯಾವ ಹೊಲಸನ್ನೂ ತಾಳಿಕೊಳ್ಳುವಂಥದ್ದು. ಅದರ ಚಿಪ್ಪುಗಳೂ ಸೊಟ್ಟಗಾಗಿದ್ದವು.

ಮರುವರ್ಷ ಊರಿಗೆ ಹೊಸ ಶುದ್ಧೀಕರಣ ಘಟಕ ಬಂತು. ರಿಬ್ಬನ್ ಕತ್ತರಿಸಿ, ಹಳೆಯ ಕೊಳವೆಯ ಬಾಯಿಗೆ ಕಾಂಕ್ರೀಟ್ ತುಂಬಿದರು. ಪ್ರೊಫೆಸರ್ ಅವತ್ತು ಕಿವಿಗೆ ಮುತ್ತಿನ ಓಲೆ ಹಾಕಿಕೊಂಡು ಬಂದಿದ್ದರು.

ಆಮೇಲೆ ಪ್ರತಿ ಋತುವಿನಲ್ಲೂ ಕೆಸರು ತೆಗೆದೆವು. ನೀರು ತಿಳಿಯಾಯಿತು, ಜನ ಗಾಳ ಹಾಕಿ ಕೂತರು. ಕೆಳಗಿನ ಕಪ್ಪು ಮಾತ್ರ ಕರಗಲಿಲ್ಲ.

"ಪೈಪ್ ಕ್ಲೋಸ್ ಮಾಡಿದಾರಲ್ಲ, ಇನ್ನೇನು ಪ್ರಾಬ್ಲಮ್?" ಎಂದು ಗಂಡ ಫೋನಿನಲ್ಲಿ ಕೇಳಿದರು.

"ಇಷ್ಟು ವರ್ಷ ಬಿದ್ದಿದ್ದೆಲ್ಲ ಕೆಸರಲ್ಲೇ ಕೂತಿದೆ ಕಣ್ರೀ. ಅದೆಲ್ಲಿ ಹೋಗತ್ತೆ?"

ಒಂದು ವಸಂತದಲ್ಲಿ ಮಾತ್ರ, ಮೈಕ್ರೋಸ್ಕೋಪಿನ ಕೆಳಗಿಟ್ಟ ತಟ್ಟೆಯ ಮೂಲೆಯಲ್ಲಿ ಒಂದು ಚಕ್ಕುಲಿ ಗುಲಾಬಿಯಾಗಿ ಕಂಡಿತು. ಪ್ರೊಫೆಸರನ್ನು ಕೂಗಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ನೋಡಿದರು. "ಬದುಕಿದೆ," ಎಂದರು. ನನ್ನ ತೋಳು ಹಿಡಿದುಕೊಂಡು ಮತ್ತೆ ಬಗ್ಗಿ ನೋಡಿದರು. ಆ ವಾರ ಮನೆಗೆ ಹೋದವಳು ಮಗಳಿಗೂ ಹೇಳಿದೆ. "ಸೋ, ನಿನ್ನ ಬಗ್ಸ್ ಕಮಿಂಗ್ ಬ್ಯಾಕಾ ಅಮ್ಮಾ?" ಎಂದಳು. ಹೌದು ಅಂದುಬಿಟ್ಟೆ.

ಬೇಸಿಗೆಯ ಕೊನೆಗೆ ಚಂಡಮಾರುತದ ಅಂಚು ನಮ್ಮ ಮೇಲೆ ಹಾದುಹೋಯಿತು. ಹೊಸ ಘಟಕಕ್ಕೆ ನೀರೆತ್ತುವ ಪಂಪುಗಳು ಮುಳುಗಿದವು. ಊರಿನ ಕೊಳಚೆಯೆಲ್ಲ ಮ್ಯಾನ್‌ಹೋಲುಗಳಿಂದ ಉಕ್ಕಿ, ರಸ್ತೆಯ ಮೇಲೆ ಹರಿದು ಅದೇ ತೊರೆಗೆ ಸೇರಿತು. ನಾವು ಮತ್ತೆ ಇಳಿಯುವ ಹೊತ್ತಿಗೆ ಮೇಲಿನ ಕಂದು ಪದರವೂ ಉಳಿದಿರಲಿಲ್ಲ. ತಟ್ಟೆಯ ಮೇಲೆ ತಟ್ಟೆ ನೋಡಿದೆ. ಎಲ್ಲವೂ ಬೆಳ್ಳಗಿದ್ದವು.

"ಇನ್ನೊಂದು ಸಲ ತೆಗೆಯೋಣವೇ?" ಎಂದೆ.

"ತೆಗೆಯಬಹುದು," ಎಂದರು ಪ್ರೊಫೆಸರ್. "ಮುಂದಿನ ಬೇಸಿಗೆಗೆ ಇನ್ನೊಂದು ಮಳೆ ಬರುತ್ತದೆ. ಇದು ಸರಿಹೋಗುವುದನ್ನು ನಾನು ನೋಡುವುದಿಲ್ಲ. ನೀನೂ ನೋಡುತ್ತೀಯೋ ಇಲ್ಲವೋ."

ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ನಾನು ತಟ್ಟೆಗಳನ್ನು ತೊಳೆದಿಟ್ಟೆ.

ಆ ಚಳಿಗಾಲ ಅವರು ನಿವೃತ್ತರಾದರು, ಯೋಜನೆಯನ್ನು ಮುಂದುವರಿಸಲು ಯಾರೂ ಮುಂದೆ ಬರಲಿಲ್ಲ. ಕೆಸರಿನ ನಳಿಗೆಗಳಿದ್ದ ತಣ್ಣನೆಯ ಕೋಣೆ ಬೇರೆಯವರಿಗೆ ಬೇಕಾಗಿತ್ತು. ನಾವಿಬ್ಬರೇ ಅವನ್ನು ತಳ್ಳುಗಾಡಿಯಲ್ಲಿ ಹೊರಗೆ ಸಾಗಿಸಿ ಕಸದ ಡಬ್ಬಿಗೆ ಹಾಕಿದೆವು. ಅರ್ಧದಲ್ಲಿ ಪ್ರೊಫೆಸರಿಗೆ ಸುಸ್ತಾಯಿತು. ಮೆಟ್ಟಿಲ ಮೇಲೆ ಕೂತು, "ನೀನೇ ಹಾಕಿಬಿಡು," ಎಂದರು. ಹಾಕಿದೆ. ನಳಿಗೆಗಳು ಒಂದರ ಮೇಲೊಂದು ಬೀಳುವಾಗ ಅವರು ಬೇರೆ ಕಡೆ ನೋಡುತ್ತಿದ್ದರು.

ಈಗ ನಾನು ಡುಲುತ್‌ನಲ್ಲೇ ಇದ್ದೇನೆ. ಮನೆಯಿಂದಲೇ ಸಾಫ್ಟ್‌ವೇರ್ ಟೆಸ್ಟಿಂಗ್. ಹೋದ ವರ್ಷ ಫೋನ್ ಮಾಡಿದಾಗ ಆ ತೊರೆಯ ದಂಡೆಯಲ್ಲಿ ಹೊಸ ಮನೆಗಳು ಏಳುತ್ತಿವೆ ಎಂದು ಪ್ರೊಫೆಸರ್ ಹೇಳಿದರು. ಅವುಗಳ ಕೊಳಚೆಯೂ ಅದೇ ಪಂಪುಗಳಿಗಂತೆ. ಕೆಸರು ಯಾರಾದರೂ ತೆಗೆಯುತ್ತಿದ್ದಾರೆಯೇ ಎಂದು ಕೇಳಿದೆ. "ಇಲ್ಲ," ಎಂದರು. ಆಮೇಲೆ ಅವರ ಮಂಡಿ ನೋವಿನ ಬಗ್ಗೆ ಮಾತಾಡಿದೆವು.