ಡ್ರೈವರ್ ಕಾಕಾ ಉಳಿಸಿಕೊಟ್ಟ ಪೆಟ್ರೋಲು

ಅವರ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಜೊತೆ ಜಗಳವಾಡಿದಂತೆ ದೂರ ಸರಿದು ನಿಂತಿತ್ತು. ಎಡಗಾಲಿನ ಹಿಮ್ಮಡಿ ಒಕ್ಕಲುತನದ ಮನೆಯ ಎಲ್ಲರ ಕಾಲಿನಂತೆ ಒಡೆದಿತ್ತು. ಬಲಗಾಲಿನ ಅಂಗಾಲು ಮಾತ್ರ ನುಣ್ಣಗೆ, ಅವರು ಕಟ್ಟೆಯ ಮೇಲೆ ಕಾಲು ಚಾಚಿ ಕೂತಾಗ ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು. ಮೂವತ್ತು ವರ್ಷ ಚಪ್ಪಲಿ ಕಳಚಿಟ್ಟು ಬಸ್ಸು ಓಡಿಸಿದ ಕಾಲು ಅದು.

ಹಾನಗಲ್ಲಿನಲ್ಲಿ ನಾನು ಬಾಡಿಗೆಗೆ ಹಿಡಿದ ಮನೆಯ ಪಕ್ಕದ ಮನೆ ಅವರದು. ಓಣಿಗೆಲ್ಲ ಅವರು ಡ್ರೈವರ್ ಕಾಕಾ, ನನಗೂ ಅಷ್ಟೇ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ಈ ನಾಲ್ಕು ತಾಲೂಕಿನ ರಸ್ತೆಗಳಲ್ಲೇ ಬಸ್ಸು ಓಡಿಸಿ ನಿವೃತ್ತರಾಗಿದ್ದರು. ಡಿಪೋದಲ್ಲಿ ಅವರಷ್ಟು ಡೀಸೆಲ್ ಉಳಿಸಿದವರು ಇನ್ನೊಬ್ಬರಿರಲಿಲ್ಲವಂತೆ, ಒಂದು ವರ್ಷ ಶಾಲು ಹೊದಿಸಿ ಸನ್ಮಾನವನ್ನೂ ಮಾಡಿದ್ದರಂತೆ. ಇದನ್ನೆಲ್ಲ ನನಗೆ ಹೇಳಿದವರು ಅವರ ಹೆಂಡತಿ, ನಮ್ಮೆಲ್ಲರ ಕಾಕು. ಕಾಕಾ ತಾವಾಗಿ ಒಂದು ದಿನವೂ ಆ ಮಾತು ತೆಗೆದವರಲ್ಲ. ಅದು ಅವರ ವಿನಯ ಎಂದು ನಾನು ಬಹಳ ದಿನ ತಿಳಿದುಕೊಂಡಿದ್ದೆ.

ನನ್ನ ಕೆಲಸ, ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವುದು. ಕೈಕಾಲಿನಲ್ಲಿ ಬಲವಿಲ್ಲದ ಮಕ್ಕಳಿಗೆ ಕೂರುವುದನ್ನು, ನಿಲ್ಲುವುದನ್ನು ಅಭ್ಯಾಸ ಮಾಡಿಸಿ ಆಮೇಲೆ ಅಕ್ಷರಕ್ಕೆ ಕೈ ಹಾಕಬೇಕು. ನಾನು ಕೆಲಸಕ್ಕಿದ್ದ ಸಂಸ್ಥೆ ಕಾರ್ಬೊರೇಟರ್ ಕಾಲದ ಒಂದು ಹಳೆಯ ಪುಟ್ಟ ಕಾರು ಕೊಟ್ಟಿತ್ತು. ತಿಂಗಳಿಗೆ ಇಷ್ಟೇ ಲೀಟರ್ ಎಂದು ಪೆಟ್ರೋಲಿನ ಚೀಟಿಗಳನ್ನೂ ಕೊಡುತ್ತಿತ್ತು. ಸೋಮವಾರ ಗೊಟಗೋಡಿ, ಬುಧವಾರ ಸವಣೂರಿನ ಕಡೆ, ಶುಕ್ರವಾರ ಚಿಕ್ಕೇರೂರು. ಮೂರನೆಯ ವಾರ ಮುಗಿಯುವುದರೊಳಗೆ ಚೀಟಿ ಖಾಲಿ. ತಿಂಗಳ ಕೊನೆಯ ಶುಕ್ರವಾರ ತಪ್ಪುವುದು ರೂಢಿಯೇ ಆಗಿಹೋಗಿತ್ತು. ಒಂದು ದಿನ ಆಫೀಸಿನವರು ಕರೆದು ಕಡ್ಡಿ ಮುರಿದಂತೆ ಹೇಳಿದರು: ಇನ್ನು ಮೂರು ತಿಂಗಳು ನೋಡುತ್ತೇವೆ, ಕೊಟ್ಟ ಪೆಟ್ರೋಲಿನಲ್ಲೇ ಎಲ್ಲ ಊರು ಮುಗಿಸಿ, ಆಗದಿದ್ದರೆ ಚಿಕ್ಕೇರೂರು ಬಿಟ್ಟುಬಿಡಿ.

ಚಿಕ್ಕೇರೂರಿನಲ್ಲಿ ಏಳು ವರ್ಷದ ಒಬ್ಬ ಹುಡುಗಿಯಿದ್ದಳು. ಹುಟ್ಟಿದಾಗಿನಿಂದ ನೆಲ ಮುಟ್ಟದ ಕಾಲುಗಳು ಆಗಷ್ಟೇ, ಕಟ್ಟಿಗೆಯ ಚೌಕಟ್ಟಿನ ಆಸರೆಯಲ್ಲಿ, ಆಕೆಯನ್ನು ಹೊರಲು ಒಪ್ಪಿಕೊಂಡಿದ್ದವು. ಒಂದು ವಾರ ತಪ್ಪಿದರೆ ಮತ್ತೆ ಬಿಗಿದುಕೊಳ್ಳುತ್ತಿದ್ದವು. ಆಕೆಯನ್ನು ಬಿಟ್ಟುಬಿಡಿ ಎಂದರೆ ಹೇಗೆ ಬಿಡುವುದು?

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಮನೆಗೆ ಬಂದವಳೇ ಕಾರಿನ ಬಾಗಿಲನ್ನು ಧಡಾರನೆ ಹಾಕಿದೆ. ಕಟ್ಟೆಯ ಮೇಲಿದ್ದ ಕಾಕಾ ಕೇಳಿದರು:

"ಅಕ್ಕೋರ, ಬಾಗಲದ ಮ್ಯಾಲ ಯಾಕ್ರಿ ಸಿಟ್ಟು?"

ನಡೆದದ್ದನ್ನು ಹೇಳಿದೆ. ಅವರು ಎದ್ದು ಬಂದು ಬಾನೆಟ್ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು.

"ನಿಮ್ಮ ಗಾಡಿ ಪೆಟ್ರೋಲ್ ಕುಡಿಯಾಕತ್ತಿಲ್ರಿ, ಚೆಲ್ಲಾಕತ್ತೈತಿ. ದಿನಾ ಮುಂಜಾನೆ ನನ್ನ ಕಿವಿಗೆ ಬೀಳತೈತಿ. ನನಗೊಂದ ನಾಕ ದಿನಾ ಬಿಟ್ಟಕೊಡ್ರಿ."

ಅವರ ಪರೀಕ್ಷೆಯ ಕ್ರಮ ಸರಳವಾಗಿತ್ತು. ಟ್ಯಾಂಕಿನ ನಳಿಗೆ ಬಂದ್ ಮಾಡಿ, ಬಾನೆಟ್ಟಿನೊಳಗೆ ಸರಿಯಾಗಿ ಒಂದು ಲೀಟರ್ ತುಂಬಿದ ಬಾಟಲಿ ಕಟ್ಟಿ, ಅದರಿಂದಲೇ ಇಂಜಿನ್ನಿಗೆ ಪೆಟ್ರೋಲ್ ಹೋಗುವಂತೆ ಮಾಡುವುದು. ಬಂಕಾಪುರದ ದಾರಿ ಹಿಡಿಯುವುದು. ಗಾಡಿ ಎಲ್ಲಿ ಉಸಿರು ಬಿಡುತ್ತದೋ ಅಲ್ಲಿಗೆ ಆ ಲೀಟರಿನ ಆಯುಷ್ಯ ಮುಗಿಯಿತು. ಮೊದಲ ಸಲ ನಾನೇ ಓಡಿಸಿದೆ. ಹದಿಮೂರು ಕಿಲೋಮೀಟರಿಗೆ ಗಾಡಿ ನಿಂತಿತು. ನನ್ನ ಮುಖ ಸಪ್ಪಗಾಯಿತು, ಕಾಕಾ ಮಾತ್ರ ಖುಷಿಯಾದರು. "ಬಾಳ ಛಲೋ ಆತು. ಕಳಕೊಂಡಿದ್ದು ಬಾಳ ಐತಿ ಅಂದ್ರ ಸಿಗೂದೂ ಬಾಳ ಐತಿ."

ಮರುದಿನ ಜಾಕ್ ಏರಿಸಿ ಒಂದೊಂದೇ ಗಾಲಿಯನ್ನು ಕೈಯಿಂದ ತಿರುಗಿಸಿದರು. ಹಿಂದಿನ ಒಂದು ಗಾಲಿ ಅರ್ಧ ಸುತ್ತಿಗೇ ನಿಂತುಬಿಟ್ಟಿತು. ಎಷ್ಟು ತಿಂಗಳಿಂದಲೋ ನಾನು ಬ್ರೇಕು ಹಿಡಿದುಕೊಂಡೇ ನಾಲ್ಕು ತಾಲೂಕು ತಿರುಗಿದ್ದೆ. ಏರ್ ಫಿಲ್ಟರ್ ಬಡಿದರೆ ಅಂಗಳ ಸಾರಿಸುವಷ್ಟು ಮಣ್ಣು ಬಿತ್ತು. ಪ್ಲಗ್ಗುಗಳು ಹಂಚಿನ ತಳದಷ್ಟು ಕಪ್ಪು. ಡಿಕ್ಕಿ ತೆಗೆಸಿದಾಗಂತೂ ನಾನು ನಾಚಿಕೆಯಿಂದ ಸತ್ತೇಹೋದೆ. ಎರಡು ಇಟ್ಟಿಗೆ, ಖಾಲಿ ಡಬ್ಬಿಗಳು, ಮಕ್ಕಳು ಚಿತ್ರ ಬರೆಯಲಿ ಎಂದು ಸವಣೂರಿನಿಂದ ನಮ್ಮಪ್ಪ ಕಳಿಸಿದ್ದ ಹಳೆಯ ಪಂಚಾಂಗಗಳ ದೊಡ್ಡ ಕಟ್ಟು. ನಮ್ಮದು ಓದುಬರಹದ ಮನೆತನ, ಕಾಗದ ಚೆಲ್ಲುವುದು ನಮಗೆ ಪಾಪ. ಕಾಕಾ ಆ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ, "ಹ್ವಾದ ವರ್ಷದ ತಿಥಿ, ನಕ್ಷತ್ರ ಎಲ್ಲಾ ಹೊತಗೊಂಡ ತಿರಗಾಕತ್ತೀರಲ್ರಿ" ಎಂದು ನಕ್ಕರು.

ನೆತ್ತಿಯ ಮೇಲಿನ ಕ್ಯಾರಿಯರ್ ಬಿಚ್ಚಿಟ್ಟರು. ಮಕ್ಕಳನ್ನು ನಿಲ್ಲಿಸುವ ಚೌಕಟ್ಟನ್ನು ನಾನು ಅದರ ಮೇಲೆಯೇ ಕಟ್ಟಿಕೊಂಡು ಹೋಗುತ್ತಿದ್ದೆ. ಗಾಳಿಗೆ ಎದೆ ಕೊಡುವ ಆ ಸಾಮಾನು ಮೇಲೆ ಇರಬಾರದು ಎಂದು, ಬಡಿಗರ ಕೈಯಿಂದ ತಿರುಗಣಿ ಹಾಕಿಸಿ ಅದನ್ನು ಮಡಚುವಂತೆ ಮಾಡಿಸಿದರು. ಮುಂದಿನ ಎಡಗಡೆಯ ಸೀಟು ಕಿತ್ತು, ಅಲ್ಲಿ ಅದು ಮಲಗುವಷ್ಟು ಜಾಗ ಮಾಡಿದರು. ಯಾರಾದರೂ ಬಂದರೆ ಎಲ್ಲಿ ಕೂರಿಸಲಿ ಎಂದು ನಾನು ತಕರಾರು ತೆಗೆದೆ. "ಹಿಂದ ಕುಂದರತಾರ ಬಿಡ್ರಿ" ಅಂದರು.

ಅವರ ಕೈ ತಪ್ಪುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಮುಂದಿನ ಜಾಳಿಗೆಯಿಂದ ಒಳಗೆ ನುಗ್ಗುವ ಗಾಳಿಯೂ ಗಾಡಿಯನ್ನು ಹಿಂದಕ್ಕೆ ತಳ್ಳುತ್ತದೆ ಎಂದು ಲೆಕ್ಕ ಹಾಕಿ, ಬಿಸ್ಕಿಟ್ ಪೆಟ್ಟಿಗೆಯ ರಟ್ಟು ಕತ್ತರಿಸಿ ಅದನ್ನು ಪೂರಾ ಮುಚ್ಚಿದರು. ಅಕ್ಕಿಆಲೂರು ದಾಟುವುದರೊಳಗೆ ಇಂಜಿನ್ ಕುದಿದು, ಬಾನೆಟ್ಟಿನಿಂದ ಹಬೆ ಎದ್ದಿತು. ಕಾಕಾ ಇಳಿದು ರಟ್ಟು ಕಿತ್ತು, ಗಾಡಿಯ ಮುಂದೆ ಎರಡೂ ಕೈ ಜೋಡಿಸಿ, "ತಪ್ಪಾತಪಾ, ನಂದ ತಪ್ಪು" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ತಣ್ಣಗಾಗುವವರೆಗೆ ಅದರ ಪಕ್ಕದಲ್ಲೇ ನಿಂತಿದ್ದರು.

ಹದಿನೈದು ದಿನದ ಮೇಲೆ ಮತ್ತೆ ಬಾಟಲಿ ಕಟ್ಟಿದೆವು. ನಾನು ಓಡಿಸಿದೆ, ಹದಿನೆಂಟಕ್ಕೆ ನಿಂತಿತು. ವಾಪಸು ಬಂದು, ಅದೇ ಗಾಡಿಗೆ ಇನ್ನೊಂದು ಲೀಟರ್ ಹಾಕಿ ಕಾಕಾ ಕೂತರು. ಚಪ್ಪಲಿ ಕಳಚಿ ಹಿಂದೆ ಇಟ್ಟರು. ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಏನೂ ನಡೆಯಲಿಲ್ಲ. ಇಂಜಿನ್ನಿನ ದನಿ ಏರಲಿಲ್ಲ, ಇಳಿಯಲಿಲ್ಲ. ಬ್ರೇಕಿನ ಮೇಲೆ ಕಾಲು ಹೋದದ್ದನ್ನು ನಾನು ಎರಡೇ ಸಲ ನೋಡಿದೆ. ಒಂದು ಕಡೆ, ರಸ್ತೆ ಖಾಲಿಯೇ ಇತ್ತು, ಅವರು ಮೆಲ್ಲಗೆ ಕಾಲೆತ್ತಿದರು. ಗಾಡಿ ತನ್ನಷ್ಟಕ್ಕೆ ನಿಧಾನವಾಯಿತು. ತಿರುವು ದಾಟಿದರೆ ನಡುರಸ್ತೆಯಲ್ಲಿ ನವಿಲು, ಗರಿ ಎಳೆದುಕೊಂಡು ಸಾವಕಾಶ ದಾಟುತ್ತಿತ್ತು.

"ಅಲ್ಲಿ ನವಿಲು ಅದ ಅಂತ ನಿಮಗ ಹ್ಯಾಂಗ ಗೊತ್ತಾತ್ರಿ ಕಾಕಾ?"

"ಹೊಲದಾಗ ಕಳೆ ತಗ್ಯಾಕಿ ತಲಿ ಎತ್ತಿ ರಸ್ತಾದ ಕಡೆ ನೋಡಿದ್ಲಲ್ಲ. ಆಕಿ ಸುಮ್ಮ ಸುಮ್ಮನ ಯಾಕ ನೋಡತಾಳ?"

ಹೊಲವನ್ನೇ ನಾನು ನೋಡಿರಲಿಲ್ಲ, ಅದರಲ್ಲಿದ್ದ ಹೆಂಗಸಿನ ಮಾತು ದೂರವೇ ಉಳಿಯಿತು. ಗಾಡಿ ನಿಂತಾಗ ಬಂಕಾಪುರದ ಮೊದಲ ಅಂಗಡಿಗಳು ಕಾಣುತ್ತಿದ್ದವು. ಅದೇ ಗಾಡಿ, ಅದೇ ರಸ್ತೆ, ಅದೇ ಒಂದು ಲೀಟರ್. ನನ್ನ ಮೈಮೇಲೆ ಮುಳ್ಳೆದ್ದಿತು. ದೊಡ್ಡ ವಿದ್ವಾಂಸರು ನಮ್ಮ ಮನೆಗೆ ಬರುತ್ತಿದ್ದುದನ್ನು ಚಿಕ್ಕಂದಿನಿಂದ ಕಂಡವಳು ನಾನು. ಒಬ್ಬ ಮನುಷ್ಯ ಒಂದು ವಿಷಯವನ್ನು ಇಷ್ಟು ಪೂರ್ತಿಯಾಗಿ ಬಲ್ಲವನಾಗಿರುವುದನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

"ಗಾಡಿ ರಿಪೇರಿ ಆತು. ಇನ್ನ ನಿಂದು ಬಾಕಿ ಐತಿ ತಂಗಿ" ಅಂದರು. ಅವತ್ತಿನಿಂದ ನಾನು ಅಕ್ಕೋರು ಹೋಗಿ ತಂಗಿ ಆದೆ, ಬಹುವಚನವೂ ಹೋಯಿತು.

ಶುಕ್ರವಾರಗಳಂದು ಹಿಂದಿನ ಸೀಟಿನಲ್ಲಿ ಕೂತು ಬಂದು ಅವರು ನನಗೆ ಕಲಿಸಿದರು. "ಬ್ರೇಕ್ ಒತ್ತಿದೆಂದ್ರ ಕಣ್ಣ ತಡಾ ಮಾಡ್ಯಾವ ಅಂತ ತಿಳಕೊ" ಅನ್ನುತ್ತಿದ್ದರು. ಚಿಕ್ಕೇರೂರಿನ ಈಚೆ ಒಂದು ಸಪಾಟು ರಸ್ತೆಯಲ್ಲಿ, ಇಲ್ಲಿ ಕಾಲೆತ್ತು ಎಂದರು. ನಾನು ವಾದಿಸಿದೆ, ಇಲ್ಲಿ ಇಳಿಜಾರೆಲ್ಲಿದೆ, ಕಾಲೆತ್ತಿದರೆ ಗಾಡಿ ನಿಂತುಬಿಡುತ್ತದೆ. ಅವರು ಮಾತು ಬೆಳೆಸದೆ ಗಾಡಿ ನಿಲ್ಲಿಸು ಅಂದರು. ಇಳಿದು, ಕುಡಿಯುವ ನೀರಿನ ಬಾಟಲಿ ತೆಗೆದು ಡಾಂಬರಿನ ಮೇಲೆ ಸುರಿದರು. ನೀರು ಒಂದು ಗಳಿಗೆ ಅನುಮಾನಿಸಿ ನಿಂತಿತು. ಆಮೇಲೆ ಸಣ್ಣ ಗೆರೆಯಾಗಿ ಚಿಕ್ಕೇರೂರಿನ ಕಡೆಗೆ ಹರಿಯತೊಡಗಿತು. ಕಣ್ಣಿಗೆ ಕಾಣದ ಆ ಇಳಕಲನ್ನು ಅವರ ಕಾಲು ಮೂವತ್ತು ವರ್ಷ ಓದಿತ್ತು. ನಾನು ರಸ್ತೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಆ ನೀರನ್ನೇ ನೋಡಿದೆ. ವಾದಿಸುವುದನ್ನು ಅಲ್ಲಿಗೆ ಬಿಟ್ಟೆ.

ಮೂರನೆಯ ತಿಂಗಳ ಕೊನೆಯ ಶುಕ್ರವಾರ ಕಾಕಾ ಬರಲಿಲ್ಲ, ಒಬ್ಬಳೇ ಹೋಗಿಬಾ ಎಂದರು. ಹೋಗಿ ಬಂದೆ. ಎಲ್ಲ ಊರು ಮುಗಿದು, ಟ್ಯಾಂಕಿನಲ್ಲಿ ಇನ್ನೂ ಪೆಟ್ರೋಲ್ ಉಳಿದಿತ್ತು, ಕೈಯಲ್ಲಿ ಒಂದು ಚೀಟಿಯೂ ಇತ್ತು. ಚಿಕ್ಕೇರೂರು ಉಳಿಯಿತು! ಸಂಜೆ ಕಟ್ಟೆಯ ಹತ್ತಿರ ನಿಂತು ಕೊಚ್ಚಿಕೊಂಡೆ: ಇಡೀ ದಾರಿಯಲ್ಲಿ ಬ್ರೇಕು ಮುಟ್ಟಿದ್ದು ನಾಲ್ಕೇ ಸಲ ಕಾಕಾ, ಏರಿನಲ್ಲಿ ಯಾರೋ ಹೆಂಗಸು ಗಂಟು ಹೊತ್ತುಕೊಂಡು ಕೈ ಮಾಡಿದಳು, ಅಲ್ಲಿಯೂ ನಿಲ್ಲಲಿಲ್ಲ, ಓಟ ಕೆಡಿಸಿಕೊಳ್ಳಲಿಲ್ಲ.

ಕಾಕಾ ಚಾಚಿದ್ದ ಕಾಲನ್ನು ಮಡಚಿಕೊಂಡು ಕೂತರು.

"ಎಲ್ಲಿಗೆ ಹೋಗಾಕಿದ್ಲು ಆಕಿ?"

"ಗೊತ್ತಿಲ್ರಿ."

"ನನಗೂ ಗೊತ್ತಾಗಲಿಲ್ಲ" ಅಂದರು. "ನನಗ ಶಾಲು ಹೊಚ್ಚಿದ ವರ್ಷ. ಹಿರೇಕೆರೂರ ದಾರ್ಯಾಗ, ಏರಿನ್ಯಾಗ ಒಬ್ಬಾಕಿ ನಿಂತಿದ್ಲು. ಬಗಲಾಗ ದೊಡ್ಡ ಹುಡುಗ, ಕಾಲು ಜೋತಬಿದ್ದಿದ್ವು. ಕೈ ಮಾಡಿದ್ಲು. ಸ್ಟಾಪ್ ಅಲ್ಲ ಅದು. ಏರಿನ್ಯಾಗ ನಿಂತ್ರ ಮತ್ತ ಮೊದಲನೇ ಗೇರಿನಿಂದ ಎಳೀಬೇಕು, ಡೀಸೆಲ್ ಹೋಕ್ಕೈತಿ. ನಿಂದರಲಿಲ್ಲ. ಕನ್ನಡ್ಯಾಗ ನೋಡಿದೆ. ಕೈ ಇನ್ನೂ ಮ್ಯಾಲ ಇತ್ತು."

ಒಳಗೆ ಕಾಕು ಪಾತ್ರೆ ಇಡುತ್ತಿದ್ದ ಸದ್ದು ನಿಂತಿತು. ಅವರಿಗೂ ಇದು ಹೊಸ ಮಾತೇ ಇರಬೇಕು.

"ಹಂಗ ಎಷ್ಟ ಮಂದೀನ ಬಿಟ್ಟ ಬಂದೆನೋ. ಮಂದಿ ನನ್ನ ಕಾಲು ಡೀಸೆಲ್ ಉಳಿಸ್ತು ಅಂತಾರ. ಅರ್ಧಾ ಉಳಿಸಿದ್ದು ಕಾಲು. ಇನ್ನರ್ಧಾ, ಅವರನ್ನ ಬಿಟ್ಟ ಬಂದದ್ದು. ನೀ ಅದನ್ನ ಕಲೀಬ್ಯಾಡ ತಂಗಿ. ಯಾರರ ಕೈ ಮಾಡಿದ್ರ ನಿಂದ್ರು. ಏರ ಇರಲಿ, ಏನ ಇರಲಿ. ಉಳಸೂದು ಅದಕ್ಕ."

ಸನ್ಮಾನದ ಮಾತು ಅವರು ಯಾಕೆ ತೆಗೆಯುತ್ತಿರಲಿಲ್ಲ ಎಂಬುದು ಆಗ ನನಗೆ ತಿಳಿಯಿತು. ಮುಂದಿನ ಶುಕ್ರವಾರ ಆ ಏರಿನಲ್ಲಿ ಗಾಡಿ ನಿಲ್ಲಿಸಿ, ಗಂಟು ಹೊತ್ತ ಹೆಂಗಸಿನ ಬಗ್ಗೆ ಅವರಿವರನ್ನು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡರು. ಬೆಳಿಗ್ಗೆ ಚಹಾ ಕುಡಿದು ಎದೆ ಹಿಡಿದಂತಾಗುತ್ತದೆ ಎಂದು ಮಲಗಿದವರು ಏಳಲಿಲ್ಲ. ನಾನು ಹೋದಾಗ ಅಂಗಳ ತುಂಬ ಜನ, ಮಧ್ಯಾಹ್ನಕ್ಕೆ ಮಣ್ಣು ಎನ್ನುತ್ತಿದ್ದರು. ನಾನು ಗೋಡೆಗೆ ಒರಗಿ ಕೂತುಬಿಟ್ಟೆ. ಕಾಕು ಕೈಸನ್ನೆ ಮಾಡಿ ಹತ್ತಿರ ಕರೆದರು. ಅತ್ತು ಅತ್ತು ದನಿಯೇ ಬಿದ್ದುಹೋಗಿತ್ತು.

"ಇವತ್ತ ಶುಕ್ರವಾರ ಅಲ್ಲನವಾ?"

"ಇವತ್ತ ನಾ ಹೋಗಂಗಿಲ್ರಿ ಕಾಕು."

"ಹೋಗು. ಆ ಕೂಸಿನ ಕಾಲು ಬಿಗಿತಾವ. ಇವರಿಗೆ ಹೆಗಲ ಕೊಡಾಕ ಮಂದಿ ಅದಾರ, ಆಕಿಗೆ ಯಾರ ಅದಾರ?"

ಕೈ ಮುಗಿದು ಎದ್ದೆ. ದಾರಿಯುದ್ದಕ್ಕೂ ಅಳುತ್ತಲೇ ಓಡಿಸಿದೆ, ಅವರು ಕಲಿಸಿದ್ದು ಒಂದೂ ನೆನಪಾಗಲಿಲ್ಲ. ಎಲ್ಲೆಂದರಲ್ಲಿ ಬ್ರೇಕು ಒತ್ತಿದೆ. ನಾಲ್ಕು ಕಡೆ ಜನ ಕೈ ಮಾಡಿದರು, ನಾಲ್ಕು ಕಡೆಯೂ ನಿಂತೆ. ಕೊನೆಗೆ ಹತ್ತಿದವಳು ಒಬ್ಬ ಮುದುಕಿ, ಏರಿನ ನಟ್ಟನಡುವೆ. ಚಿಕ್ಕೇರೂರಿನಲ್ಲಿ ಇಳಿದು, ಸೆರಗು ಸರಿಮಾಡಿಕೊಂಡು, ಕಾರಿನ ಬಾಗಿಲನ್ನು ಒಮ್ಮೆ ಸವರಿದಳು.

"ಹಳೀ ಗಾಡಿ ಆದ್ರೂ ಎಷ್ಟ ಚಂದ ಇಟಗೊಂಡೀಯವಾ!"

"ನಾ ಅಲ್ಲರಿ ಅಮ್ಮಾ, ನಮ್ಮ ಕಾಕಾ ಇಟ್ಟದ್ದು" ಅಂದೆ.

"ನಿಮ್ಮ ಕಾಕಾಗ ಕೇಳೇನಿ ಅಂತ ಹೇಳವಾ" ಎಂದು ಆಕೆ ಓಣಿ ಹಿಡಿದು ಹೋದಳು. ಹೇಳುತ್ತೇನೆ ಅಂದೆ.